ಅಕ್ಕನ ಬೈಗುಳಕ್ಕೊಂದು ಚಿಪ್

ನನ್ನ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ನಮ್ಮ ಬಳಗದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಹೊಟ್ಟೆಯ ಮೇಲೆ ನಾನೇಕೆ ಹೊಡೆಯಲಿ? ನಾನು ಹೇಳುವುದು ಇಷ್ಟೆ: ಹೆಂಡತಿ ತನ್ನನ್ನು ಮನಸಾರೆ ಬೈಯಲಾರದೆ ಹೋದರೆ ಏನು ಗತಿ ಎಂದು ಊಟ ನಿದ್ದೆ ಬಿಟ್ಟು ಕೊರಗಿದ, ಅವಳ ಬೈಗುಳಕ್ಕೆ ಅನುಕೂಲವಾಗಲಿ ಎಂದು ಬೆರಳು ಸುಟ್ಟುಕೊಂಡು ದುಡಿದ ಗಂಡಸು ಇಡೀ ಚೆನ್ನೈಯಲ್ಲಿ ಯಾರಾದರೂ ಇದ್ದರೆ ಅದು ಅವರೊಬ್ಬರೇ!

ಭಾವ ಎಂದರೆ ನನ್ನ ಅಕ್ಕನ ಗಂಡ. ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ, ತಯಾರಾದ ಮಾಲನ್ನು ಪರೀಕ್ಷಿಸುವ ವಿಭಾಗದಲ್ಲಿದ್ದು ನಿವೃತ್ತರಾದವರು. ಎಲ್ಲೆಲ್ಲಿ ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ಅವರಿಗೆ ಸಂಬಳ ಕೊಡುತ್ತಿದ್ದರು. ಈಗ ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಾರೆ. ಲಿಫ್ಟಿಗೆ ಕಾಲಿಟ್ಟರೆ ‘ಕರೆಂಟು ಹೋದ್ರೆ?’ ಎನ್ನುತ್ತಾರೆ. ಮೆಟ್ಟಿಲು ಹತ್ತಿದರೆ ‘ಎದೆ ನೋವು ಬಂದ್ರೆ?’ ಎನ್ನುತ್ತಾರೆ. ಹಾಗಾದರೆ ಮನೆಯಲ್ಲೇ ಇರಿ ಎಂದರೆ ‘ಗ್ಯಾಸ್ ಲೀಕ್ ಆದ್ರೆ?’ ಎನ್ನುತ್ತಾರೆ. ನುಂಗಂಬಾಕ್ಕಂನ ಒಂದು ಹಳೆಯ ಬೀದಿಯಲ್ಲಿ ನಾವು ಒಂದೇ ಕಟ್ಟಡದಲ್ಲಿದ್ದೇವೆ, ಅವರು ಮೇಲೆ, ನಾನು ಕೆಳಗೆ. ಹೀಗಾಗಿ ಅವರ ಆತಂಕಗಳೆಲ್ಲ ಮೊದಲು ಬಂದು ಬೀಳುವುದು ನನ್ನ ಮೇಲೆಯೇ.

ಇಂಥವರಿಗೆ ಹಿಡಿದ ಹುಚ್ಚಾದರೂ ಎಂಥದ್ದು ಅಂತೀರಿ? ಹಳೇ ಕಾಲದ ಕೈಗಂಪ್ಯೂಟರುಗಳು! ಲ್ಯಾಪ್‌ಟಾಪ್ ಎಂಬ ಮಾತು ನಮ್ಮ ಕಿವಿಗೆ ಬೀಳುವುದಕ್ಕೂ ಮೊದಲಿನವು. ದಪ್ಪ ಪುಸ್ತಕದ ಗಾತ್ರ, ಟೈಪ್‌ರೈಟರಿನಂತೆ ಎದ್ದುನಿಂತ ಕೀಲಿಗಳು, ಅವುಗಳ ಮೇಲೆ ನಾಲ್ಕು ಬೆರಳಗಲದ ಬೂದು ಪರದೆ. ಟಾರ್ಚಿನ ಸೆಲ್ಲು ಹಾಕಿದರೆ ನಡೆಯುತ್ತವೆ. ಇವುಗಳ ಹೊಟ್ಟೆಯ ಕೆಳಗೆ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದನ್ನು ತೆಗೆದು ಒಂದು ಚಿಪ್ ಕೂರಿಸಿದರೆ, ಆ ಚಿಪ್ಪಿನಲ್ಲಿ ಬರೆದಿಟ್ಟ ಹೊಸ ವಿದ್ಯೆಯೆಲ್ಲ ಯಂತ್ರಕ್ಕೆ ಬಂದುಬಿಡುತ್ತದೆ. ಅದಕ್ಕೆ ರಾಮ್ ಅಲ್ಲ, ರೋಮ್ ಎನ್ನುತ್ತಾರೆ. ತೊಂದರೆ ಏನೆಂದರೆ, ಆ ಯಂತ್ರ ಮಾಡಿದ ಪುಣ್ಯಾತ್ಮರು ಚಿಪ್ಪು ಕೂರುವ ಗೂಡನ್ನು ಲೋಕದಲ್ಲಿ ಯಾರೂ ಮಾಡದ ಕ್ರಮದಲ್ಲಿ ಮಾಡಿಟ್ಟಿದ್ದಾರೆ. ಇವತ್ತು ಸಿಗುವ ಚಿಪ್ಪುಗಳ ಕಾಲುಗಳು ಒಂದು ಕ್ರಮದಲ್ಲಿ, ಗೂಡಿನ ತೂತುಗಳು ಇನ್ನೊಂದು ಕ್ರಮದಲ್ಲಿ. ತಮಿಳು ಬಾರದ ನಮ್ಮಜ್ಜಿಗೂ ಕನ್ನಡ ಬಾರದ ತರಕಾರಿಯವನಿಗೂ ನಡುವೆ ಚಿಕ್ಕಂದಿನಲ್ಲಿ ನಾನು ನಿಲ್ಲುತ್ತಿದ್ದೆನಲ್ಲ, ಹಾಗೆ ಇವೆರಡರ ನಡುವೆ ನಿಲ್ಲಲು ಒಂದು ಪುಟ್ಟ ಹಲಗೆ ಬೇಕು. ಆ ಅಡಾಪ್ಟರ್ ಬೋರ್ಡು ಮಾಡುವುದೇ ಭಾವನ ಹವ್ಯಾಸ.

ತಮ್ಮಂಥವರೇ ಪ್ರಪಂಚದ ಮೂಲೆಮೂಲೆಯಲ್ಲಿದ್ದಾರೆ, ಅವರಿಗೂ ಮಾಡಿ ಕಳಿಸುತ್ತಾರೆ. ಒಂದು ಸಲ ನಾನೂ ಜೊತೆಗೆ ಅಂಚೆ ಕಚೇರಿಗೆ ಹೋಗಿದ್ದೆ. ಪೊಟ್ಟಣವನ್ನು ತೂಕಕ್ಕಿಟ್ಟ ಮೇಲೆ ಭಾವನ ಮುಖ ಬಾಡಿತು. “ಒಂದ್ನಿಮಿಷ ಸರ್” ಎಂದು ಅದನ್ನು ವಾಪಸು ತೆಗೆದುಕೊಂಡು, ಅಲ್ಲೇ ಬೆಂಚಿನ ಮೇಲೆ ಬಿಚ್ಚಿ, ಭೂತಗನ್ನಡಿಯಿಂದ ಒಂದೊಂದೇ ಕಾಲನ್ನು ನೋಡಿ, ಮತ್ತೆ ಸುತ್ತಿ, ಕ್ಯೂನ ಕೊನೆಗೆ ಹೋಗಿ ನಿಂತರು. ಸರದಿ ಬರುವ ಹೊತ್ತಿಗೆ ಮತ್ತೆ ಮುಖ ಬಾಡತೊಡಗಿತು. ಈ ಸಲ ಗುಮಾಸ್ತರೇ ಕೈಚಾಚಿ ಪೊಟ್ಟಣವನ್ನು ಕಿತ್ತುಕೊಂಡರು.

ಇನ್ನು ನನ್ನ ಅಕ್ಕ. ಇದೇ ನುಂಗಂಬಾಕ್ಕಂನ ಒಂದು ಆಫೀಸಿನಲ್ಲಿ ಬಹಳ ವರ್ಷ ಟೈಪಿಸ್ಟ್ ಆಗಿದ್ದವಳು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಅವಳು ಮೇಲಿನ ಮನೆಯಲ್ಲಿ “ರೀ!” ಎಂದು ಶುರುಮಾಡಿದರೆ ನಾನು ಕೆಳಗಿನ ಮನೆಯಲ್ಲಿ ಟಿವಿ ಆರಿಸಿ ಕೂರುತ್ತಿದ್ದೆ, ಧಾರಾವಾಹಿಗಿಂತ ಇದೇ ರುಚಿ! ಆ ಧ್ವನಿ ಒಂದು ದಿನ ಒಡೆಯಿತು. ಕೆಮ್ಮಿರಬೇಕು ಎಂದುಕೊಂಡೆವು. ಕಷಾಯ ಆಯಿತು, ಜೇನುತುಪ್ಪ ಆಯಿತು, ಧ್ವನಿ ಗೊರಗೊರ ಎನ್ನುವುದು ನಿಲ್ಲಲಿಲ್ಲ. ಕೊನೆಗೆ ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ಸ್ವರತಂತುವಿನ ಮೇಲೆ ಗುಳ್ಳೆಯೊಂದು ಬೆಳೆದಿದೆ, ತೆಗೆಯಬೇಕು ಎಂದರು. ತೆಗೆಯುವುದು ದೊಡ್ಡದಲ್ಲವಂತೆ. ಆಮೇಲಿನದೇ ದೊಡ್ಡದು.

“ಒರು ಮಾಸಂ ಒರು ವಾರ್ತೈ ಪೇಸಕ್ಕೂಡಾದು ಮಾಮಿ. ವಿಸ್ಪರ್ ಕೂಡ ನೋ,” ಎಂದರು ಡಾಕ್ಟರು. ಒಂದು ತಿಂಗಳು ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂ ಕೂಡದು. ಗಾಯ ಮಾಯುವ ಮೊದಲು ಕೂಗಿದರೆ ಆ ಧ್ವನಿ ಮತ್ತೆ ಬಾರದೆಯೂ ಹೋಗಬಹುದು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಭಾವನ ಮುಖ ನೋಡಿದಳು. ಭಾವ ನೆಲ ನೋಡಿದರು. ಮೂವರಿಗೂ ಒಂದೇ ಯೋಚನೆ: ಈ ಮನುಷ್ಯ ಎದುರಿಗೆ ಓಡಾಡಿಕೊಂಡಿರುವಾಗ ಅಕ್ಕ ಒಂದು ತಿಂಗಳು ಸುಮ್ಮನಿರುವುದು ಹೇಗೆ?

ಮೊದಲು ಉಪಾಯ ಹೇಳಿದವಳು ಅವರ ಮಗಳು. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. “ಅಪ್ಪಾ, ಫೋನ್‌ಲೇಯೇ ಎಲ್ಲಾಂ ಇರುಕ್ಕುಪ್ಪಾ!” ಫೋನಿನಲ್ಲೇ ಎಲ್ಲ ಇದೆ ಎಂದು, ಬರೆದದ್ದನ್ನು ಓದಿ ಹೇಳುವ ಒಂದು ಆ್ಯಪ್ ಹಾಕಿಕೊಟ್ಟಳು. ಅಕ್ಕ ಗಾಜಿನ ಮೇಲೆ ಬೆರಳು ಜಾರಿಸಿಕೊಂಡು, ಹಲ್ಲು ಕಚ್ಚಿ, ಹೇಗೋ ಒಂದು ವಾಕ್ಯ ಬರೆದು ಒತ್ತಿದಳು. ಫೋನಿನೊಳಗಿನ ಹೆಂಗಸು ರೈಲ್ವೆ ಸ್ಟೇಷನ್ನಿನ ಧಾಟಿಯಲ್ಲಿ ಘೋಷಿಸಿದಳು: “ನಿಮಗೆ. ಸ್ವಲ್ಪವಾದರೂ. ಬುದ್ಧಿ. ಇದೆಯೇನ್ರೀ.” ಭಾವ ತಟಕ್ಕನೆ ಎದ್ದುನಿಂತು “ಥ್ಯಾಂಕ್ಯೂ ಮೇಡಂ” ಎಂದುಬಿಟ್ಟರು! ಅಕ್ಕ ಫೋನನ್ನು ಮಗಳ ಮಡಿಲಿಗೆ ಎಸೆದಳು.

ಆಗ ಭಾವ ತಮ್ಮ ಬಳಿ ಉಳಿದಿದ್ದ, ಸರಿಯಾಗಿ ನಡೆಯುವ ಒಂದೇ ಒಂದು ಹಳೆಯ ಯಂತ್ರವನ್ನು ತಂದು ಅವಳ ಮುಂದಿಟ್ಟರು. ಕೀಲಿಗಳ ಮೇಲೆ ಬೆರಳಿಟ್ಟದ್ದೇ ತಡ, ಅಕ್ಕನ ಮುಖ ಅರಳಿತು. ಪಟಪಟ ಎಂದು ಕುಟ್ಟಿದಳು. ಆದರೆ ಆ ಯಂತ್ರಕ್ಕೆ ಗೊತ್ತಿದ್ದದ್ದು ಇಂಗ್ಲಿಷ್ ಒಂದೇ, ಅಕ್ಕನಿಗೆ ಗೊತ್ತಿದ್ದದ್ದು ಆಫೀಸಿನ ಇಂಗ್ಲಿಷ್ ಒಂದೇ. ಪರದೆಯ ಮೇಲೆ ಮೂಡಿತು: ‘ಯು ಆರ್ ಹಿಯರ್‌ಬೈ ರಿಕ್ವೆಸ್ಟೆಡ್ ಟು ರಿಮೂವ್ ಯುವರ್ ವೈರ್ಸ್ ಫ್ರಮ್ ದಿ ಡೈನಿಂಗ್ ಟೇಬಲ್ ಅಟ್ ದಿ ಅರ್ಲಿಯೆಸ್ಟ್.’

ಭಾವ ಅದನ್ನು ಓದಿ ನನ್ನನ್ನು ಪಕ್ಕಕ್ಕೆ ಕರೆದರು. “ಇದೇನಯ್ಯ, ಮ್ಯಾನೇಜರ್ ಮೆಮೋ ಕೊಟ್ಟ ಹಾಗಿದೆ! ಇದರಲ್ಲಿ ನಿಮ್ಮಕ್ಕ ಎಲ್ಲಿದಾಳೆ?”

“ತಿಂಗಳಿಗೇನು ಭಾವ, ನಡೆಯುತ್ತೆ ಬಿಡಿ.”

“ನಡೆಯಲ್ಲ ಕಣಯ್ಯ. ಹೀಗೆ ಬೈದ್ರೆ ಅವಳ ಸಿಟ್ಟು ಇಳಿಯಲ್ಲ. ಒಳಗೇ ಸೇರ್ಕೊಂಡು ಸೇರ್ಕೊಂಡು ಒಂದಿನ ಬಾಯಿ ತೆರೆದೇಬಿಡ್ತಾಳೆ. ಧ್ವನಿ ಹೋದ್ರೆ?” ಅವರ ಎಂದಿನ ‘ಹೋದ್ರೆ’, ‘ಬಂದ್ರೆ’ಗಳಿಗೆ ನಾನು ನಗುತ್ತಿದ್ದೆ. ಈ ಸಲ ನಗು ಬರಲಿಲ್ಲ.

ಹೀಗೆ ಕನ್ನಡದ ಚಿಪ್ಪಿನ ಕೆಲಸ ಶುರುವಾಯಿತು. ಇಂಗ್ಲಿಷ್ ಕೀಲಿ ಒತ್ತಿದರೆ ಪರದೆಯಲ್ಲಿ ಕನ್ನಡ ಮೂಡಬೇಕು. ಒಂದೊಂದು ಅಕ್ಷರವನ್ನೂ ರಂಗೋಲಿಯಂತೆ ಚುಕ್ಕಿಚುಕ್ಕಿಯಾಗಿ ಬಿಡಿಸಿ ಚಿಪ್ಪಿಗೆ ತುಂಬಬೇಕು. ನಮ್ಮ ಒತ್ತಕ್ಷರಗಳನ್ನು ನೀವು ಬಲ್ಲಿರಲ್ಲ, ಒಂದರ ಕಾಲಿಗೆ ಒಂದು ಜೋತುಬಿದ್ದಿರುತ್ತವೆ. ಎಲ್ಲವನ್ನೂ ಹಾಕಲು ಆ ಚಿಪ್ಪಿನಲ್ಲಿ ಜಾಗವಿಲ್ಲ. ಹಾಗಾದರೆ ಯಾವುದು ಬೇಕು, ಯಾವುದು ಬೇಡ? ಪರೀಕ್ಷಾ ವಿಭಾಗದ ಮನುಷ್ಯನಿಗೆ ಇದಕ್ಕೆ ಒಂದೇ ದಾರಿ. ಶಸ್ತ್ರಚಿಕಿತ್ಸೆಗೆ ಮೊದಲು ಉಳಿದಿದ್ದ ದಿನಗಳಲ್ಲೆಲ್ಲ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅಕ್ಕನ ಹಿಂದೆ ಹಿಂದೆ ಸುತ್ತಿ, ಅವಳ ಬಾಯಿಂದ ಬಿದ್ದ ಅಕ್ಷರಗಳನ್ನೆಲ್ಲ ಗುರುತು ಹಾಕಿಕೊಂಡರು. ಗೊರಗೊರ ಧ್ವನಿಯಲ್ಲೇ ಅವಳು “ಏನ್ರೀ ಇದು, ಬೆನ್ನು ಹತ್ತಿದ ಬೇತಾಳದ ಹಾಗೆ!” ಎಂದರೆ, “ಬೇತಾಳ, ಬೇತಾಳ... ಸರಿ, ಒತ್ತಿಲ್ಲ” ಎಂದು ಗೊಣಗಿಕೊಂಡು ಬರೆದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ನನ್ನ ಬಾಗಿಲು ತಟ್ಟಿದರು. “ನಿಮ್ಮಕ್ಕ ಬೈಯುವಾಗ ‘ಋ’ ಉಪಯೋಗಿಸ್ತಾಳೇನಯ್ಯ?”

“‘ಯಾವ ಜನ್ಮದ ಋಣಾನೋ’ ಅಂತಾಳಲ್ಲ ಭಾವ.”

“ಹೌದಲ್ಲ! ದಿನಾ ಅಂತಾಳೆ! ಎಂಥ ಅಚಾತುರ್ಯ ಆಗ್ತಿತ್ತು!” ಎಂದು ಓಡಿದರು. ಸ್ತೋತ್ರಗಳಲ್ಲಿ ಬರುವ ಒತ್ತುಗಳನ್ನೆಲ್ಲ ಬಿಟ್ಟಿದ್ದಾರೆಂದು ಕೇಳಿ ನಾನು ಆಕ್ಷೇಪಿಸಿದೆ. “ದೇವರಿಗೆ ಮನಸ್ಸಲ್ಲೇ ಹೇಳ್ಕೋಬಹುದು ಕಣಯ್ಯ. ಈ ಚಿಪ್ಪಿನಲ್ಲಿ ಜಾಗ ಇರೋದು ನನಗೆ ಮಾತ್ರ” ಎಂದರು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ತೆಗೆದ ಗುಳ್ಳೆಯಲ್ಲಿ ಹೆದರುವಂಥದ್ದು ಏನೂ ಇಲ್ಲವೆಂದು ಬಂತು. ಅಕ್ಕ ಮನೆಗೆ ಬಂದಳು, ಮನೆ ಮೌನವಾಯಿತು. ಆ ಮೌನ ಇದೆಯಲ್ಲ, ಅದು ನೆಮ್ಮದಿಯದ್ದಲ್ಲ. ಮೇಲಿನ ಮನೆಯಲ್ಲಿ ಪಾತ್ರೆಯೊಂದು ಬಿದ್ದರೆ ನಾನು ಕೆಳಗೆ ಉಸಿರು ಹಿಡಿದು ಕೂರುತ್ತಿದ್ದೆ: ಈಗ ಕೂಗಿದಳೇ? ಈಗಲೇ? ಚಿಪ್ಪು ಸಿದ್ಧವಾಗಿರಲಿಲ್ಲ. ಸ್ಲೇಟು ಕೊಟ್ಟಿದ್ದೆವು. ಅವಳು ಬರೆದು, ಭಾವ ಕನ್ನಡಕ ಹುಡುಕಿ, ಓದುವ ಹೊತ್ತಿಗೆ ಆ ಸಿಟ್ಟು ಆರಿದ ಕಾಫಿಯಂತಾಗಿರುತ್ತಿತ್ತು. ಕುಡಿಯುವವರಿಗೂ ಸಪ್ಪೆ, ಕೊಟ್ಟವರಿಗೂ ಬೇಸರ.

ಅಂತೂ ಚಿಪ್ಪು ತಯಾರಾಯಿತು. ಇದರ ನೆತ್ತಿಯ ಮೇಲೆ ಗಾಜಿನ ಒಂದು ಕಿಟಕಿ. ಅದರೊಳಗೆ ಬಿಸಿಲು ಬಿದ್ದುಕೊಂಡೇ ಇದ್ದರೆ ಬರೆದದ್ದೆಲ್ಲ ಅಳಿಸಿಹೋಗುತ್ತದಂತೆ. ಚೆನ್ನೈಯಲ್ಲಿ ಬಿಸಿಲಿಗೆ ಹೆದರಿ ಬದುಕುವುದೆಂದರೆ! ಭಾವ ಕೋಣೆಯ ಪರದೆಗಳನ್ನೆಲ್ಲ ಎಳೆದು, ಚಿಪ್ಪಿನ ಕಿಟಕಿಯ ಮೇಲೆ ಅಕ್ಕನ ದೊಡ್ಡ ಸ್ಟಿಕ್ಕರ್ ಬೊಟ್ಟೊಂದನ್ನು ಅಂಟಿಸಿದರು. ಚಿಪ್ಪು ಮುತ್ತೈದೆಯಂತೆ ಕಂಗೊಳಿಸಿತು.

ಇನ್ನು ಕೂರಿಸುವುದಷ್ಟೇ ಬಾಕಿ ಎನ್ನುವಾಗ ದ್ವಾದಶಿ ಬಂತು. ಭಾವ ಬೆಳಿಗ್ಗೆ ರೇಷ್ಮೆ ಮಡಿ ಉಟ್ಟು ಪೂಜೆ ಮುಗಿಸಿದರು. ಆರತಿ ಎತ್ತುವಾಗ ಏನು ಹೊಳೆಯಿತೋ, ಮಡಿಯಲ್ಲೇ ನೆಟ್ಟಗೆ ಎಸಿ ಕೋಣೆಗೆ ನುಗ್ಗಿದರು. ಬೋರ್ಡುಗಳಿಗೆ ತೇವ ತಾಗಬಾರದೆಂದು ಆ ಕೋಣೆಯನ್ನು ಒಣಗಿಸಿಟ್ಟಿರುತ್ತಾರೆ. ಒಣ ಗಾಳಿ, ಸರಸರ ಎನ್ನುವ ರೇಷ್ಮೆ! ಚಿಪ್ಪನ್ನು ಮುಟ್ಟಿದ ಕೂಡಲೇ ಬೆರಳ ತುದಿಯಲ್ಲಿ ‘ಚಿಟ್’ ಎಂದಿತು. ರೇಷ್ಮೆ ಉಜ್ಜಿ ಹುಟ್ಟಿದ ವಿದ್ಯುತ್ತು ಒಂದು ಕಿಡಿಯಲ್ಲಿ ಇಳಿದುಹೋಗಿ, ಅಷ್ಟು ದಿನದ ಚಿಪ್ಪು ಸತ್ತಿತು.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಭಾವ ಕಲ್ಲಾಗಿ ಕೂತಿದ್ದರು. ಅಕ್ಕನಿಗೆ ಎಲ್ಲ ಅರ್ಥವಾಯಿತು. ಮೂಗು ಅರಳಿತು, ಎದೆ ತುಂಬಿತು, ಬಾಯಿ ತೆರೆಯಿತು! ನಾನು ಪ್ರಸಾದಕ್ಕೆಂದು ಬಂದಿದ್ದವನು, ಹಿಂದುಮುಂದು ನೋಡದೆ ಕೈಯಲ್ಲಿದ್ದ ನೈವೇದ್ಯದ ಬಾಳೆಹಣ್ಣನ್ನು ಆ ಬಾಯಿಗೆ ತುರುಕಿಬಿಟ್ಟೆ. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಆ ಹಣ್ಣು ಅಲ್ಲೇ ಬೆಂದುಹೋಗಬೇಕಿತ್ತು. ಧ್ವನಿ ಮಾತ್ರ ಉಳಿಯಿತು.

ಮಾರನೆಯ ದಿನದಿಂದ ಭಾವ ಹತ್ತಿಯ ಪಂಚೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಒದ್ದೆಯಲ್ಲೇ ಉಟ್ಟು ಇನ್ನೊಂದು ಚಿಪ್ಪಿನ ಕೆಲಸಕ್ಕೆ ಕೂರತೊಡಗಿದರು. ಒದ್ದೆ ಬಟ್ಟೆಯಲ್ಲಿ ಕಿಡಿ ಹುಟ್ಟುವುದಿಲ್ಲವಂತೆ. ಜೊತೆಗೆ ಮಣಿಕಟ್ಟಿಗೊಂದು ಪಟ್ಟಿ, ಮೈಯ ವಿದ್ಯುತ್ತು ಇಳಿದುಹೋಗಲೆಂದು ಅದರಿಂದ ಕಿಟಕಿಯ ಸರಳಿಗೊಂದು ತಂತಿ. ಯಾರಾದರೂ ಹತ್ತಿರ ಹೋದರೆ “ಮುಟ್ಬೇಡಿ! ಮುಟ್ಬೇಡಿ!” ಎಂದು ಚೀರುತ್ತಿದ್ದರು. ಎದುರುಮನೆಯ ಮಾಮಿ ಇದನ್ನು ನೋಡಿ ಕೈಮುಗಿದರು. “ಎನ್ನ ಮಾಮಾ, ರೊಂಬ ಆಚಾರಮಾ ಆಯಿಟ್ಟೇಳ್!” ಬಹಳ ಮಡಿವಂತರಾಗಿಬಿಟ್ಟಿರಿ ಎಂದು. ಇಷ್ಟು ಆಚಾರವಂತರ ಬಾಯಿಂದ ಒಂದು ಮಾತು ಕೇಳೋಣವೆಂದು, ತಮ್ಮ ಮಗನ ಮದುವೆ ಯಾವಾಗ ಆಗುತ್ತದೆ ಎಂದೂ ಕೇಳಿದರು. ಭಾವ ತಲೆಯೆತ್ತದೆ “ಮೊದಲು ಇದು ಕೂರಲಿ” ಎಂದರು. ಮಾಮಿ ಅದನ್ನು ಹೇಗೆ ಅರ್ಥ ಮಾಡಿಕೊಂಡರೋ, ಹೊಸ ಚಿಪ್ಪಿಗೆ ಒಂದು ಹಿಡಿ ಮಲ್ಲಿಗೆ ಹೂವು ಕಳಿಸಿದರು.

ಕೂರಿಸುವ ದಿನ ಬಂತು. ತಿರುವುಮುರುವಾಗಿ ಕೂರಿಸಿದರೆ ಚಿಪ್ಪಷ್ಟೇ ಅಲ್ಲ, ಯಂತ್ರವೂ ಹೋಗುತ್ತದೆ. ಅದು ಹೋದರೆ ಬೇರೊಂದಿಲ್ಲ. ಭಾವ ಬೋರ್ಡನ್ನು ಗೂಡಿನ ಮೇಲೆ ಹಿಡಿದರು, ತೆಗೆದರು, ಭೂತಗನ್ನಡಿ ಇಟ್ಟರು, ಮತ್ತೆ ಹಿಡಿದರು. ಹಣೆಯ ಬೆವರು ಯಂತ್ರದ ಮೇಲೆ ಬೀಳದಂತೆ ನಾನು ಟವಲು ಹಿಡಿದು ನಿಂತಿದ್ದೆ. ಕೊನೆಗೆ ಅಕ್ಕನೇ ಬಂದು, ಅವರ ಕೈಯ ಮೇಲೆ ತನ್ನ ಕೈಯಿಟ್ಟು ಒತ್ತಿಬಿಟ್ಟಳು. ಕಟಕ್! ಸ್ವಿಚ್ ಹಾಕಿದರು. ಪರದೆ ಬೋಳು. ಒಂದು ಚುಕ್ಕಿ ಇಲ್ಲ. ಭಾವ “ಹೋಯ್ತು” ಎಂದರು. ಅಕ್ಕ ಮಾತ್ರ ಕೈಚಾಚಿ, ಯಂತ್ರದ ಪಕ್ಕದಲ್ಲಿದ್ದ ಸಣ್ಣ ಚಕ್ರವನ್ನು ತಿರುಗಿಸಿದಳು. ಪರದೆಯ ಕಪ್ಪು ಹೆಚ್ಚು ಕಡಿಮೆ ಮಾಡುವ ಚಕ್ರ ಅದು. ಬೆಳಿಗ್ಗೆ ಧೂಳು ಒರೆಸುವಾಗ ಅವಳೇ ತಿರುಗಿಸಿದ್ದಿರಬೇಕು. ದುಂಡು ದುಂಡಾಗಿ ಕನ್ನಡ ಎದ್ದು ಬಂತು.

ಆಮೇಲೆ ನೋಡಬೇಕಿತ್ತು! ಎಷ್ಟೋ ದಿನದಿಂದ ಕಟ್ಟಿಕೊಂಡದ್ದು ಒಡೆದುಹೋಯಿತು. ‘ರೇಷ್ಮೆ ಉಟ್ಟು ಯಾರಾದರೂ ಅದನ್ನು ಮುಟ್ಟುತ್ತಾರೇನ್ರೀ’ ಎಂದು ಶುರುವಾದದ್ದು ಊಟದ ಮೇಜಿನ ತಂತಿ, ಕಾಣೆಯಾದ ಬೊಟ್ಟು, ಬಾಳೆಹಣ್ಣು, ನಾನು, ನನ್ನ ಬುದ್ಧಿ, ಯಾವ ಜನ್ಮದ್ದೋ ಋಣ, ಎಲ್ಲವನ್ನೂ ಮುಟ್ಟಿ ಹೋಯಿತು. ಭಾವ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದರು. ತಮಗೆ ಬಿದ್ದ ಬೈಗುಳವನ್ನು ತಾವೇ ಓದಿ ಆನಂದಪಡುವವರನ್ನು ನಾನು ಅದೇ ಮೊದಲು ನೋಡಿದ್ದು. “ನೋಡಯ್ಯ, ‘ಋ’ ಎಷ್ಟು ಚೆನ್ನಾಗಿ ಬಂದಿದೆ!”

ಆದರೂ ಒಂದು ಕೊರತೆ ಉಳಿಯಿತು. ಪರದೆ ತೋರಿಸುತ್ತದೆ, ಕೂಗುವುದಿಲ್ಲ. ನೋಡುವವರು ಎದುರಿಗೆ ಇರಬೇಕು. ಹೀಗಾಗಿ ಭಾವ ಆ ದಿನಗಳಲ್ಲಿ ಅಕ್ಕ ಎಲ್ಲಿದ್ದರೆ ಅಲ್ಲೇ ಕೂತರು. ಅಡುಗೆಮನೆಯಲ್ಲಿ ಸ್ಟೂಲು, ಬಾಲ್ಕನಿಯಲ್ಲಿ ಕುರ್ಚಿ.

ತಿಂಗಳು ಕಳೆಯಿತು. ಧ್ವನಿ ಪರೀಕ್ಷೆಯ ದಿನ ಆಸ್ಪತ್ರೆಯ ಹಜಾರದಲ್ಲಿ ಮೂವರೂ ಕೂತಿದ್ದೆವು. ಯಾರ ಮುಖದಲ್ಲೂ ರಕ್ತವಿಲ್ಲ. ಭಾವ ಡಾಕ್ಟರ ಬಾಗಿಲನ್ನೇ ನೋಡುತ್ತಿದ್ದರು. ಬಾಯಲ್ಲಿ ‘ಬರದೇ ಹೋದ್ರೆ... ಬರದೇ ಹೋದ್ರೆ...’ ಅಷ್ಟೆ. ಅಕ್ಕ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಅವರನ್ನು ನೋಡಿದಳು. ಕೂಗುವಂತಿಲ್ಲ. ಏನೋ ಒತ್ತಿ, ಯಂತ್ರವನ್ನು ಅವರ ಕಡೆಗೆ ತಿರುಗಿಸಿ, ಮೊಣಕೈಯಿಂದ ತಿವಿದಳು.

ಪರದೆಯ ಮೇಲೆ ಒಂದೇ ಒಂದು ಪದ. ಅದರ ನಡುವೆ ಅಕ್ಷರ ಇರಬೇಕಾದ ಕಡೆ ಖಾಲಿ ಚೌಕ.

ಭಾವ ಹೌಹಾರಿದರು. “ಅಯ್ಯೋ, ಕಾಂಟ್ಯಾಕ್ಟ್ ಲೂಸಾಗಿದೆ ಕಣಯ್ಯ! ಸ್ಕ್ರೂಡ್ರೈವರ್ ತಂದಿದೀಯಾ?” ಯಂತ್ರವನ್ನು ಬೋರಲು ಹಾಕಲು ಹೋದರು. ಅಕ್ಕ ಬಿಡಲಿಲ್ಲ. ಅದೇ ಕೀಲಿಗಳನ್ನು ನಿಧಾನವಾಗಿ, ಒಂದೊಂದಾಗಿ, ಅವರಿಗೆ ಕಾಣುವಂತೆ ಮತ್ತೆ ಒತ್ತಿದಳು. ಮತ್ತೆ ಅದೇ ಚೌಕ. ಭಾವನ ತುಟಿ ಆ ಕೀಲಿಗಳನ್ನು ಕೂಡಿಸಿ ಓದಿತು, ಅಲ್ಲೇ ನಿಂತಿತು.

ಅದು ಅವರ ಹೆಸರು.

ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಈಗಿನವರು ಕರೆಯುತ್ತಾರೆ, ಅಕ್ಕನ ಓರಗೆಯವರು ಇಲ್ಲ. ಅವಳಿಗೆ ಅವರು ಎಂದೆಂದಿಗೂ ‘ರೀ’. ದಿನವಿಡೀ ಹಿಂದೆ ಸುತ್ತಿ ಅವಳ ಬಾಯಿಂದ ಬಿದ್ದ ಒತ್ತಕ್ಷರಗಳನ್ನೆಲ್ಲ ಆರಿಸಿ ತುಂಬಿದ್ದ ಮನುಷ್ಯನಿಗೆ ತನ್ನ ಹೆಸರಿನ ಆ ಒಂದು ಒತ್ತಕ್ಷರ ಸಿಕ್ಕಿರಲಿಲ್ಲ, ಏಕೆಂದರೆ ಅವಳು ಅದನ್ನು ಒಮ್ಮೆಯೂ ಆಡಿರಲಿಲ್ಲ. ಯಾವುದದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನೀವು ಹೆಸರು ಕಂಡುಹಿಡಿದುಬಿಡುತ್ತೀರಿ. ಭಾವನ ತಾಯಿ ಹೋದ ಮೇಲೆ ಮನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಡಾಕ್ಟರು ಕೊಳವೆ ಇಳಿಸಿ ನೋಡಿ, “ಪೇಸುಂಗೋ ಮಾಮಿ” ಎಂದರು. ಅಕ್ಕ ಹೆದರಿ ಹೆದರಿ ಬಾಯಿ ತೆರೆದಳು. “ರೀ... ಮನೆಗೆ ಹೋಗೋಣ್ವಾ?” ಧ್ವನಿ ಸ್ವಲ್ಪ ದಪ್ಪವಾಗಿತ್ತು, ಆದರೆ ಅವಳದೇ. ಭಾವ ಡಾಕ್ಟರ ಎರಡೂ ಕೈ ಹಿಡಿದುಕೊಂಡು ಮಗುವಿನಂತೆ ಅತ್ತರು.

ಮಾರನೆಯ ಬೆಳಿಗ್ಗೆ ಮೇಲಿನಿಂದ “ರೀ! ನೆಲ ಎಲ್ಲ ನೀರು!” ಎಂಬ ಕೂಗು ಕೇಳಿ ನಾನು ಸಂತೋಷದಿಂದ ಮೇಲೆ ಓಡಿದೆ. ಭಾವ ಒದ್ದೆ ಪಂಚೆ ಉಟ್ಟು, ಮಣಿಕಟ್ಟಿಗೆ ತಂತಿ ಕಟ್ಟಿಕೊಂಡು ಮತ್ತೊಂದು ಚಿಪ್ಪಿನ ಮುಂದೆ ಕೂತಿದ್ದರು.

“ಧ್ವನಿ ಬಂತಲ್ಲ ಭಾವ, ಇನ್ನು ಯಾಕೆ ಇದು?” ಎಂದೆ.

ಅವರು ತಲೆಯೆತ್ತಲಿಲ್ಲ. “ಒಂದು ಅಕ್ಷರ ಬಿಟ್ಟುಹೋಗಿದೆ ಕಣಯ್ಯ,” ಎಂದರು. “ಅದನ್ನ ಅವಳು ಬಾಯಲ್ಲಿ ಹೇಳಲ್ಲ.”